ಅರಳೆ ಸುಂಕದಿಂದ ಉಳ್ಳಾಗಡ್ಡಿ ನಿಷೇಧದವರೆಗೆ: ಓದುಗರು ಕೇಳಿದ್ದು, ಬಲ್ಲವರು ಹೇಳಿದ್ದು

ಜಾಗತೀಕರಣದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳವು. ಸಿದ್ಧಾಂತ ಕೇಳಿದವರು ಕಡಿಮೆ, ರೇಟು ಯಾಕೆ ಬಿತ್ತು ಎಂದು ಕೇಳಿದವರೇ ಹೆಚ್ಚು. ಕೃಷಿ ಅರ್ಥಶಾಸ್ತ್ರ, ಸುಂಕದ ಕಾನೂನು, ರಫ್ತಿನ ಕಾಗದಪತ್ರಗಳಲ್ಲಿ ಕೆಲಸ ಮಾಡುವವರು ಉತ್ತರಿಸಿದ್ದಾರೆ.

ಅಮೆರಿಕ ನಮ್ಮ ಬಟ್ಟೆಗೆ ಸುಂಕ ಏರಿಸಿತು. ಅದಕ್ಕೆ ನಮ್ಮ ಸರ್ಕಾರ ಹೊರದೇಶದ ಹತ್ತಿಯ ಮೇಲಿನ ಸುಂಕ ತೆಗೆಯಿತು. ಪೆಟ್ಟು ಬಿದ್ದದ್ದು ಗಿರಣಿಗೆ, ಔಷಧ ಕೊಟ್ಟದ್ದೂ ಗಿರಣಿಗೆ. ನಮಗ ಕ್ವಿಂಟಲ್ಲಿಗೆ ಎಷ್ಟು ಹೊಡೆತ ಅಂತ ಲೆಕ್ಕ ಹಾಕೋದು ಹೆಂಗ?
— ಹತ್ತಿ ಬೆಳೆಗಾರ, ಅಣ್ಣಿಗೇರಿ

ಮೊದಲು ಸುಂಕದ ಲೆಕ್ಕ. 2021ರ ಬಜೆಟ್ಟಿನಲ್ಲಿ ಆಮದು ಹತ್ತಿಗೆ ಶೇ 11 ಸುಂಕ ಬಂತು: ಮೂಲ ಸುಂಕ 5, ಕೃಷಿ ಮೂಲಸೌಕರ್ಯ ಸೆಸ್ 5, ಆ ಹತ್ತರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಎಂದು 1. ಅದನ್ನು 2022ರ ಏಪ್ರಿಲ್ ಮಧ್ಯದಿಂದ ಅಕ್ಟೋಬರ್‌ವರೆಗೆ ಒಮ್ಮೆ ತೆಗೆದಿದ್ದರು. 2025ರ ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಮತ್ತೆ ತೆಗೆದರು. ಆಗಸ್ಟ್ 27ಕ್ಕೆ ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಶೇ 50 ಮುಟ್ಟಿತು. ಮರುದಿನವೇ ನಮ್ಮ ವಿನಾಯಿತಿ ಡಿಸೆಂಬರ್ 31ರವರೆಗೆ ಉದ್ದವಾಯಿತು. ನಮ್ಮ ಕಡೆ ಹತ್ತಿ ಬಿಡಿಸಿ ಪೇಟೆಗೆ ತರುವ ತಿಂಗಳುಗಳು ಅವೇ.

ಈಗ ನಿಮ್ಮ ಕ್ವಿಂಟಲ್. ಅರಳೆಯ, ಅಂದರೆ ಬೀಜ ಬಿಡಿಸಿದ ಹತ್ತಿಯ, ವ್ಯಾಪಾರ ಖಂಡಿ ಲೆಕ್ಕದಲ್ಲಿ, ಒಂದು ಖಂಡಿ 356 ಕೆಜಿ. ಬಂದರಿಗೆ ಬಂದಿಳಿದ ಹತ್ತಿ ಖಂಡಿಗೆ ₹54,000 ಬಿತ್ತು ಎಂದಿಟ್ಟುಕೊಳ್ಳಿ. ಶೇ 11 ಎಂದರೆ ₹5,940. ನೂರು ಕೆಜಿ ಬೀಜಸಹಿತ ಹತ್ತಿಗೆ 34 ಕೆಜಿ ಅರಳೆ ಬಿದ್ದರೆ ಒಂದು ಖಂಡಿಗೆ ಸುಮಾರು ಹತ್ತೂವರೆ ಕ್ವಿಂಟಲ್ ಹತ್ತಿ ಬೇಕು. ₹5,940 ಅನ್ನು ಅದರಿಂದ ಭಾಗಿಸಿದರೆ ಕ್ವಿಂಟಲ್ಲಿಗೆ ₹565ರ ಆಸುಪಾಸು. ಇದು ಹೊಡೆತದ ಮೇಲ್ಮಿತಿ. ಎಲ್ಲ ಗಿರಣಿಗಳೂ ಹೊರಗಿನ ಹತ್ತಿ ತರುವುದಿಲ್ಲ, ಹಡಗು ಬರಲು ವಾರಗಳು ಬೇಕು. ಆದರೆ ‘ಬೇಕಾದರೆ ತರಬಲ್ಲೆ’ ಎಂಬ ಮಾತಿಗೇ ಹರಾಜಿನಲ್ಲಿ ಬೆಲೆ ಇದೆ. ನಿಮ್ಮ ಜಿನ್ನಿನಲ್ಲಿ ಅರಳೆ ಎಷ್ಟು ಬೀಳುತ್ತದೆ ಎಂದು ಕೇಳಿಕೊಂಡು ಇದೇ ಲೆಕ್ಕವನ್ನು ನಿಮ್ಮ ಅಂಕಿಯಿಂದ ಮಾಡಿ.

ಉದ್ದ ಎಳೆಯ ಹತ್ತಿಯ ಕಥೆ ಇನ್ನೊಂದು. 32 ಮಿಲಿಮೀಟರ್‌ಗಿಂತ ಉದ್ದದ ಎಳೆಗೆ 2024ರ ಫೆಬ್ರವರಿಯಲ್ಲೇ ಸುಂಕ ತೆಗೆದಾಗಿತ್ತು. ಧಾರವಾಡದಲ್ಲೇ ಹುಟ್ಟಿದ ಡಿಸಿಎಚ್-32 ಎಂಬ ಉದ್ದ ಎಳೆಯ ತಳಿ ಬೆಳೆಯುವವರು ಈಜಿಪ್ಟ್, ಅಮೆರಿಕಗಳ ಉದ್ದ ಎಳೆಯ ಜೊತೆ ಸುಂಕದ ಆಸರೆ ಇಲ್ಲದೆ ಪೈಪೋಟಿ ನಡೆಸಬೇಕು. ಕೂಲಿ ಹೆಚ್ಚು ತಿನ್ನುವ ಬೆಳೆ ಅದು; ಬಿತ್ತುವ ಮೊದಲೇ ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳಿ.

ಸರ್ಕಾರಕ್ಕೆ ಬೇರೆ ದಾರಿ ಇರಲಿಲ್ಲವೇ? ಇತ್ತು. ಬಟ್ಟೆ ರಫ್ತು ಮಾಡುವವರು ತಮ್ಮ ರಫ್ತಿಗೆ ಬೇಕಾಗುವಷ್ಟೇ ಕಚ್ಚಾಮಾಲನ್ನು ಸುಂಕವಿಲ್ಲದೆ ತರಲು ‘ಅಡ್ವಾನ್ಸ್ ಆಥರೈಸೇಷನ್’ ಯೋಜನೆ ಮೊದಲಿನಿಂದಲೂ ಇದೆ. ಅದರಲ್ಲಿ ಕಾಗದಪತ್ರ ಹೆಚ್ಚು, ರಫ್ತಿನ ಲೆಕ್ಕ ಒಪ್ಪಿಸಬೇಕು, ನೂಲನ್ನು ಒಳಪೇಟೆಗೆ ಮಾರುವ ಗಿರಣಿಗೆ ಉಪಯೋಗವಿಲ್ಲ. ಆ ಯೋಜನೆಯನ್ನು ಸಲೀಸು ಮಾಡಿದ್ದರೆ ರಫ್ತುದಾರನಿಗೆ ನೆರವು ಸಿಗುತ್ತಿತ್ತು, ಹರಾಜು ಕಟ್ಟೆಯ ದರಕ್ಕೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಎಲ್ಲರಿಗೂ ಒಂದೇ ಸಲ ಬಾಗಿಲು ತೆರೆದದ್ದು ಸೋಮಾರಿ ಉತ್ತರ ಎಂಬುದು ನಮ್ಮ ಅಭಿಪ್ರಾಯ.

ರೈತರ ಕೈಲಿ ಉಳಿದದ್ದು ಬೆಂಬಲ ಬೆಲೆ. 2025-26ಕ್ಕೆ ಮಧ್ಯಮ ಎಳೆಗೆ ₹7,710, ಉದ್ದ ಎಳೆಗೆ ₹8,110. ಈ ದರ ಶೇ 8 ತೇವಕ್ಕೆ. ಅದರಿಂದಾಚೆ ಪ್ರತಿ ಒಂದು ಅಂಶಕ್ಕೆ ಬೆಲೆಯ ಶೇ 1 ಕಡಿತ, 12 ದಾಟಿದರೆ ಹತ್ತಿ ಕೊಳ್ಳುವುದೇ ಇಲ್ಲ. ಶೇ 11 ತೇವದ ಉದ್ದ ಎಳೆಗೆ ಕ್ವಿಂಟಲ್ಲಿಗೆ ₹243 ಹೋಗುತ್ತದೆ. ಮುಂಜಾನೆ ಇಬ್ಬನಿಯಲ್ಲಿ ಬಿಡಿಸಿದ ಹತ್ತಿಯನ್ನು ಅದೇ ದಿನ ಚೀಲಕ್ಕೆ ತುಳಿದು ತುಂಬಬೇಡಿ. ಪ್ಲಾಸ್ಟಿಕ್ ಚೀಲದ ಎಳೆ ಸೇರಿದರೆ ತೇವ ಸರಿ ಇದ್ದರೂ ಗ್ರೇಡ್ ಇಳಿಯುತ್ತದೆ.

ಇನ್ನೊಂದು ಮಾತು. ಹತ್ತಿಯಲ್ಲಿ ಬಡ ದೇಶಗಳು ಸುಂಕದಿಂದಷ್ಟೇ ಹೋರಾಡಿಲ್ಲ. ಅಮೆರಿಕ ತನ್ನ ಬೆಳೆಗಾರರಿಗೆ ಕೊಡುವ ಸಬ್ಸಿಡಿಯ ವಿರುದ್ಧ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿ ಗೆದ್ದಿತು. 2014ರಲ್ಲಿ 30 ಕೋಟಿ ಡಾಲರ್ ಪಡೆದು ರಾಜಿಯಾಯಿತು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ 2003ರಿಂದ ಅದನ್ನೇ ಕೇಳುತ್ತಿವೆ. ಅವಕ್ಕೆ ಬ್ರೆಜಿಲ್‌ನಂತೆ ತಿರುಗಿ ಸುಂಕ ಹಾಕಿ ಬೆದರಿಸುವಷ್ಟು ದೊಡ್ಡ ಪೇಟೆ ಇಲ್ಲ. ಹಾಗಾಗಿ ನ್ಯಾಯವಿದ್ದರೂ ಹಣ ಬಂದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ‘ಅಭಿವೃದ್ಧಿಶೀಲ ದೇಶಗಳು ಜಾಗತೀಕರಣಕ್ಕೆ ಸ್ಪಂದಿಸಿದ ಬಗೆ’ ಎಂಬ ಪ್ರಶ್ನೆಗೆ ಎಲ್ಲ ನೋಟ್ಸ್‌ಗಳೂ 1991ರ ಭಾರತ ಎಂದು ಶುರುವಾಗಿ ಅಲ್ಲೇ ಮುಗಿಯುತ್ತವೆ. ಬೇರೆ ಯಾವ ಉದಾಹರಣೆ ಬರೆಯಬಹುದು?
— ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

1991 ಬಿಡಬೇಡಿ, ಆದರೆ ಎರಡು ಸಾಲಲ್ಲಿ ಮುಗಿಸಿ: ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು, ಚಿನ್ನ ಅಡವಿಟ್ಟರು, ಜುಲೈ 1 ಮತ್ತು 3ರಂದು ರೂಪಾಯಿ ಇಳಿಸಿದರು, ಗರಿಷ್ಠ ಸುಂಕವನ್ನು ಮೊದಲು ಶೇ 150ಕ್ಕೆ ಇಳಿಸಿ, ಮುಂದೆ ವರ್ಷಗಟ್ಟಲೆ ಹಂತಹಂತವಾಗಿ ತಗ್ಗಿಸಿದರು. ನಮ್ಮ ಭಾಗದ ರೈತನಿಗೆ ನಿಜವಾಗಿ ತಟ್ಟಿದ ದಿನ 2001ರ ಏಪ್ರಿಲ್ 1. ಆಮದಿನ ಪ್ರಮಾಣದ ಮೇಲಿದ್ದ ನಿರ್ಬಂಧ ಅಂದು ಕೊನೆಯ 715 ವಸ್ತುಗಳಿಂದ ಹೋಯಿತು. ಹಿಂದಿನ ವರ್ಷ 714 ಹೋಗಿದ್ದವು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಹೂಡಿದ ದಾವೆಯಲ್ಲಿ ಭಾರತ ಸೋತದ್ದರ ಫಲ ಅದು. ಅಲ್ಲಿಂದ ಮುಂದೆ ನಮಗೆ ಉಳಿದ ಮುಖ್ಯ ಆಯುಧ ಸುಂಕ.

ಇನ್ನು ಬೇರೆ ದೇಶಗಳು. ದಕ್ಷಿಣ ಕೊರಿಯಾ ‘ಬಾಗಿಲು ತೆರೆದು ಬೆಳೆಯಿತು’ ಎಂದು ಬರೆದರೆ ಅರ್ಧ ಅಂಕ ಹೋದಂತೆ. 1960, 70ರ ದಶಕಗಳಲ್ಲಿ ಅದು ಒಳಪೇಟೆಯನ್ನು ಗಟ್ಟಿಯಾಗಿ ಕಾಪಾಡಿಕೊಂಡೇ ರಫ್ತಿಗೆ ಒತ್ತಿತು. ಕಂಪನಿಗೆ ಅಗ್ಗದ ಸಾಲ ಕೊಟ್ಟರು, ಬದಲಿಗೆ ರಫ್ತಿನ ಗುರಿ ಕೊಟ್ಟರು. ಗುರಿ ಮುಟ್ಟದವರಿಗೆ ಸಾಲ ನಿಲ್ಲಿಸಿದರು. ರಕ್ಷಣೆ ಕೊಟ್ಟ ದೇಶಗಳು ಬೇಕಾದಷ್ಟಿವೆ, ನಮ್ಮದೂ ಸೇರಿ. ಕೊಟ್ಟ ರಕ್ಷಣೆಯನ್ನು ವಾಪಸು ಕಿತ್ತುಕೊಳ್ಳುವ ಧೈರ್ಯ ಕೊರಿಯಾಕ್ಕಿತ್ತು.

ಬಾಂಗ್ಲಾದೇಶದ ಉದಾಹರಣೆಯಲ್ಲಿ ಕಲಿಯುವುದು ಹೆಚ್ಚು. 1979ರಲ್ಲಿ ಅಲ್ಲಿನ ದೇಶ್ ಕಂಪನಿ ಕೊರಿಯಾದ ದೇವೂ ಜೊತೆ ಸೇರಿ ಸುಮಾರು 130 ಮಂದಿಯನ್ನು ಹೊಲಿಗೆ, ಉಸ್ತುವಾರಿ, ಮಾರಾಟ ಕಲಿಯಲು ಕಳಿಸಿತು. ಕಲಿತು ಬಂದವರಲ್ಲಿ ಬಹಳಷ್ಟು ಜನ ಮುಂದೆ ಸ್ವಂತ ಕಾರ್ಖಾನೆ ಹಾಕಿದರು. ಅವರಿಗೆ ಬಂಡವಾಳ ಎಲ್ಲಿಂದ ಬಂತು? ಅಲ್ಲಿದೆ ಜಾಣತನ. ವಿದೇಶಿ ಖರೀದಿದಾರನ ಎಲ್‌ಸಿಯನ್ನು (ಹಣ ಕೊಡುವುದಾಗಿ ಅವನ ಬ್ಯಾಂಕ್ ಬರೆದುಕೊಡುವ ಖಾತ್ರಿಪತ್ರ) ಬ್ಯಾಂಕಿನಲ್ಲಿ ತೋರಿಸಿದರೆ, ಅದರ ಆಧಾರದ ಮೇಲೆ ಬಟ್ಟೆ ತರಿಸಲು ಎರಡನೇ ಎಲ್‌ಸಿ ತೆರೆದು ಕೊಡುತ್ತಿದ್ದರು; ಬಂದ ಬಟ್ಟೆ ಸುಂಕವಿಲ್ಲದೆ, ಕಸ್ಟಮ್ಸ್ ಉಸ್ತುವಾರಿಯ ಬಾಂಡೆಡ್ ಗೋದಾಮಿಗೆ ಹೋಗುತ್ತಿತ್ತು. ಕೈಯಲ್ಲಿ ಕಾಸಿಲ್ಲದವನೂ ಆರ್ಡರ್ ಇದ್ದರೆ ಕಾರ್ಖಾನೆ ನಡೆಸಬಹುದಾಯಿತು. ಶ್ರೀಮಂತ ದೇಶಗಳ ಬಟ್ಟೆ ಕೋಟಾ 2004ರ ಕೊನೆಗೆ ರದ್ದಾದಾಗ ಆ ದೇಶ ಮುಳುಗುತ್ತದೆ ಎಂದು ಹೇಳಿದವರಿದ್ದರು. ಮುಳುಗಲಿಲ್ಲ. ಕಾರ್ಖಾನೆ ಕಟ್ಟಡಗಳ ಸುರಕ್ಷತೆಯಲ್ಲಿ ಮಾತ್ರ ಭೀಕರವಾಗಿ ಸೋತಿತು. 2013ರ ರಾಣಾ ಪ್ಲಾಜಾ ಕುಸಿತದಲ್ಲಿ ಸತ್ತವರು 1,100ಕ್ಕೂ ಹೆಚ್ಚು.

ಹಣದ ಹರಿವಿಗೆ ಎರಡು ಉದಾಹರಣೆ ಸಾಕು. ಚಿಲಿ 1991ರಿಂದ 1998ರವರೆಗೆ ಒಳಬರುವ ವಿದೇಶಿ ಸಾಲದ ಒಂದು ಪಾಲನ್ನು, ಮೊದಲು ಶೇ 20, ನಂತರ 30, ಬಡ್ಡಿಯಿಲ್ಲದೆ ಕೇಂದ್ರ ಬ್ಯಾಂಕಿನಲ್ಲಿ ಇಡಬೇಕೆಂದು ವಿಧಿಸಿತ್ತು. ತಿಂಗಳೊಪ್ಪತ್ತಿಗೆ ಬಂದು ಹೋಗುವ ಹಣಕ್ಕೆ ಅದು ದುಬಾರಿ, ವರ್ಷಗಟ್ಟಲೆ ನಿಲ್ಲುವ ಹಣಕ್ಕೆ ಹಗುರ. ಮಲೇಷ್ಯಾ 1998ರ ಸೆಪ್ಟೆಂಬರ್‌ನಲ್ಲಿ, ಏಷ್ಯಾದ ಬಿಕ್ಕಟ್ಟಿನ ನಡುವೆ, ಹೊರಹೋಗುವ ಬಾಗಿಲು ಮುಚ್ಚಿ ತನ್ನ ರಿಂಗಿಟ್ ಅನ್ನು ಡಾಲರಿಗೆ 3.80ಕ್ಕೆ ಕಟ್ಟಿತು. ಮೊದಲನೆಯದು ಮಳೆಗಾಲಕ್ಕೆ ಮುಂಚೆ ಕಟ್ಟಿದ ಒಡ್ಡು, ಎರಡನೆಯದು ನೆರೆ ಬಂದ ಮೇಲೆ ಹಾಕಿದ ಮರಳಿನ ಚೀಲ.

ಇಂಡೋನೇಷ್ಯಾ 2020ರಿಂದ ನಿಕಲ್ ಅದಿರನ್ನು ಹಾಗೇ ಹೊರಗೆ ಕಳಿಸುವುದನ್ನು ನಿಷೇಧಿಸಿ, ಬೇಕಾದರೆ ಇಲ್ಲೇ ಬಂದು ಕರಗಿಸಿ ಎಂದಿತು. ಯುರೋಪ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿತು, 2022ರಲ್ಲಿ ತೀರ್ಪು ಇಂಡೋನೇಷ್ಯಾದ ವಿರುದ್ಧ ಬಂತು. ಅದು ಮೇಲ್ಮನವಿ ಹಾಕಿತು. ಮೇಲ್ಮನವಿ ಪೀಠವೋ 2019ರ ಡಿಸೆಂಬರ್‌ನಿಂದ ಬೇಕಾದಷ್ಟು ಸದಸ್ಯರಿಲ್ಲದೆ ನಿಂತಿದೆ, ಹಾಗಾಗಿ ನಿಷೇಧ ಮುಂದುವರಿಯಿತು. ಕಾರ್ಖಾನೆಗಳು ಬಂದವು, ಬಹಳಷ್ಟು ಚೀನೀ ಬಂಡವಾಳದವು, ಕಲ್ಲಿದ್ದಲಿನಿಂದ ನಡೆಯುವಂಥವು.

ಸೋಲಿಗೆ ಒಂದಾದರೂ ಉದಾಹರಣೆ ಇರಲಿ. ಹೈಟಿ 1995ರಲ್ಲಿ ಅಕ್ಕಿಯ ಸುಂಕವನ್ನು ಶೇ 3ಕ್ಕೆ ಇಳಿಸಿತು. ಸಬ್ಸಿಡಿಯ ಅಮೆರಿಕನ್ ಅಕ್ಕಿ ಬಂದು ಅಲ್ಲಿನ ಗದ್ದೆಗಳು ಸೊರಗಿದವು. ಆ ನೀತಿಗೆ ಒತ್ತಾಯಿಸಿದ್ದ ಅಧ್ಯಕ್ಷ ಬಿಲ್ ಕ್ಲಿಂಟನ್ 2010ರಲ್ಲಿ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದರಿಂದ ಗದ್ದೆಗಳೇನೂ ಮರಳಲಿಲ್ಲ.

ರೇಟು ಏರಿದಾಗಷ್ಟೇ ಸರ್ಕಾರಕ್ಕೆ ಉಳ್ಳಾಗಡ್ಡಿ ನೆನಪಾಗುವುದೇಕೆ? ರಫ್ತು ನಿಷೇಧ ಕಾನೂನುಬದ್ಧವೇ?
— ರೋಣ ತಾಲ್ಲೂಕಿನ ಮೂವರು ರೈತರು

ಕಾನೂನುಬದ್ಧ ಹೌದು. ಅಂತರರಾಷ್ಟ್ರೀಯ ಒಪ್ಪಂದ ರಫ್ತು ನಿಷೇಧವನ್ನು ಸಾಮಾನ್ಯವಾಗಿ ತಡೆಯುತ್ತದೆ. ಆದರೆ ಆಹಾರದ ತೀವ್ರ ಕೊರತೆ ನೀಗಿಸಲು ‘ತಾತ್ಕಾಲಿಕ’ವಾಗಿ ಮಾಡಬಹುದು ಎಂಬ ವಿನಾಯಿತಿ ಅದರಲ್ಲೇ ಇದೆ. ರಫ್ತಿನ ಮೇಲೆ ಸುಂಕ ಹಾಕುವುದಕ್ಕಂತೂ ನಮಗೆ ಅಡ್ಡಿಯೇ ಇಲ್ಲ.

ಏನೇನಾಯಿತು ನೋಡಿ. 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ. ಡಿಸೆಂಬರ್ 8ಕ್ಕೆ ಪೂರ್ಣ ನಿಷೇಧ. 2024ರ ಮೇ 4ಕ್ಕೆ ನಿಷೇಧ ತೆಗೆದು 550 ಡಾಲರ್ ಕನಿಷ್ಠ ಬೆಲೆ, ಜೊತೆಗೆ ಶೇ 40 ಸುಂಕ. ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೆಲೆ ರದ್ದು, ಸುಂಕ ಶೇ 20. 2025ರ ಏಪ್ರಿಲ್ 1ಕ್ಕೆ ಸುಂಕವೂ ಹೋಯಿತು. ಇಪ್ಪತ್ತು ತಿಂಗಳಲ್ಲಿ ಆರು ಸಲ ನಿಯಮ ಬದಲಾಯಿತು. ಅಷ್ಟರೊಳಗೆ ಕೊಲಂಬೊ, ದುಬೈಗಳ ಖರೀದಿದಾರರು ಪಾಕಿಸ್ತಾನ, ಈಜಿಪ್ಟ್, ಚೀನಾದ ಮಾಲು ಹುಡುಕಿಕೊಂಡರು. ಒಮ್ಮೆ ಹೋದ ಗಿರಾಕಿಯನ್ನು ಅಧಿಸೂಚನೆ ಹೊರಡಿಸಿ ಕರೆತರಲಾಗದು.

ಇದರಲ್ಲಿ ನಮ್ಮ ಭಾಗಕ್ಕೆ ಬೀಳುವ ಪೆಟ್ಟು ನಾಸಿಕ್‌ಗಿಂತ ಜೋರು. ಅಲ್ಲಿನ ಹಿಂಗಾರಿ ಗಡ್ಡೆ ನಾಲ್ಕೈದು ತಿಂಗಳು ಗೂಡಿನಲ್ಲಿ ನಿಲ್ಲುತ್ತದೆ, ರೈತ ಕಾಯಬಲ್ಲ. ಗದಗ, ಧಾರವಾಡದ ಮುಂಗಾರಿ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಸಿಪ್ಪೆ ತೆಳು, ಕುತ್ತಿಗೆ ದಪ್ಪ. ಕಿತ್ತ ಕೆಲವೇ ವಾರಗಳಲ್ಲಿ ಮಾರಲೇಬೇಕು. ಡಿಸೆಂಬರ್ 8ರ ನಿಷೇಧ ಮೇ ತಿಂಗಳಲ್ಲಿ ತೆಗೆದುಹೋಗುತ್ತದೆಂದು ಗೊತ್ತಿದ್ದರೂ ನಿಮಗೆ ಪ್ರಯೋಜನವಿರಲಿಲ್ಲ. ಆದ್ದರಿಂದ ಗೋದಾಮಿಗಿಂತ ಹತ್ತು ದಿನದ ಬಿಡುವು ಗಿಟ್ಟಿಸಿಕೊಳ್ಳುವುದು ಮುಖ್ಯ. ಕೀಳುವ 10-15 ದಿನ ಮೊದಲು ನೀರು ನಿಲ್ಲಿಸಿ. ಕಿತ್ತದ್ದನ್ನು ಹೊಲದಲ್ಲಿ ಸಾಲಾಗಿ, ಒಂದರ ತಪ್ಪಲು ಇನ್ನೊಂದರ ಗಡ್ಡೆಗೆ ನೆರಳಾಗುವಂತೆ 3-5 ದಿನ ಒಣಗಿಸಿ. ತಪ್ಪಲು ಕೊಯ್ಯುವಾಗ ಗಡ್ಡೆಯ ಮೇಲೆ ಎರಡು, ಎರಡೂವರೆ ಸೆಂಟಿಮೀಟರ್ ಕುತ್ತಿಗೆ ಬಿಡಿ. ಬುಡಕ್ಕೇ ಕೊಯ್ದರೆ ಕೊಳೆ ಅಲ್ಲಿಂದಲೇ ಇಳಿಯುತ್ತದೆ. ಮಳೆ ಹಿಡಿದರೆ ಇದ್ಯಾವುದೂ ನಡೆಯುವುದಿಲ್ಲ, ಆಗ ಬಂದ ರೇಟಿಗೆ ಕೊಡುವುದೇ ಲೇಸು.

ನಮ್ಮ ರೈತ ಉತ್ಪಾದಕ ಕಂಪನಿ ಬ್ಯಾಡಗಿ ಮೆಣಸಿನಕಾಯಿಯನ್ನು ನೇರವಾಗಿ ಯುರೋಪಿಗೆ ಕಳಿಸಬೇಕೆಂದಿದೆ. ಎಲ್ಲಿಂದ ಶುರು ಮಾಡಬೇಕು? ಮಾಲು ವಾಪಸು ಬರುವುದು ಯಾಕೆ?
— ಕಾರ್ಯನಿರ್ವಹಣಾಧಿಕಾರಿ, ಹಾವೇರಿ ಜಿಲ್ಲೆ

ಕಾಗದದಿಂದ ಶುರು ಮಾಡಬೇಡಿ, ಕಣದಿಂದ ಶುರು ಮಾಡಿ. ಯುರೋಪ್ ಒಣ ಮೆಣಸಿನಕಾಯಿಗೆ ಅಫ್ಲಾಟಾಕ್ಸಿನ್ ಮಿತಿ ಹಾಕಿದೆ: ಬಿ1 ಎಂಬ ಬಗೆ ಕೆಜಿಗೆ 5 ಮೈಕ್ರೋಗ್ರಾಂ, ಒಟ್ಟು 10. ಇದು ಬೂಷ್ಟಿನಿಂದ ಹುಟ್ಟುವ ವಿಷ. ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಇದು ಮಾಲಿನ ತುಂಬ ಸಮನಾಗಿ ಹರಡಿರುವುದೂ ಇಲ್ಲ. ನೂರು ಕೆಜಿಯಲ್ಲಿ ಒಂದೇ ಕೆಜಿ ಕೆಟ್ಟ ಕಾಯಿ ಇದ್ದು, ಅದರಲ್ಲಿ ಕೆಜಿಗೆ 1,000 ಮೈಕ್ರೋಗ್ರಾಂ ಇದ್ದರೆ ಇಡೀ ಲಾಟಿನ ಸರಾಸರಿಯೇ 10 ಆಗುತ್ತದೆ. ಇಲ್ಲಿ ಒಂದು ಚೀಲದಿಂದ ತೆಗೆದ ಮಾದರಿ ಪಾಸಾಗಿ, ಅಲ್ಲಿ ಹತ್ತಾರು ಚೀಲ ಚುಚ್ಚಿ ತೆಗೆದ ಮಾದರಿ ಫೇಲಾಗುವುದು ಹೀಗೆ.

ಬೂಷ್ಟು ಬರುವ ಜಾಗ ಮೂರು. ಒಂದು, ಬರಿ ನೆಲದ ಮೇಲೆ ಒಣಗಿಸುವಾಗ ರಾತ್ರಿ ಇಬ್ಬನಿ ಬಿದ್ದದ್ದು. ತಾಡಪತ್ರಿ ಹಾಸಿ, ಸಂಜೆ ಗುಡ್ಡೆ ಮಾಡಿ ಮುಚ್ಚಿ, ತೇವ ಶೇ 10-11ಕ್ಕೆ ಬರುವವರೆಗೆ ಚೀಲ ಕಟ್ಟಬೇಡಿ. ಎರಡು, ಕಾಯಿ ಒಡೆಯಬಾರದು, ತೂಕವೂ ಬರಲಿ ಎಂದು ಚೀಲ ತುಂಬುವ ಮುಂಚೆ ನೀರು ಚಿಮುಕಿಸುವುದು. ಇದೊಂದನ್ನು ನಿಲ್ಲಿಸದೆ ಯುರೋಪಿನ ಮಾತೇ ಬೇಡ. ಮೂರನೆಯದು ಹೆಚ್ಚಿನವರಿಗೆ ಹೊಳೆಯುವುದಿಲ್ಲ: ಕೋಲ್ಡ್ ಸ್ಟೋರೇಜಿನಿಂದ ಹೊರತೆಗೆದ ತಣ್ಣನೆಯ ಚೀಲವನ್ನು ಸೆಖೆಯಲ್ಲಿ ಕೂಡಲೇ ಬಿಚ್ಚಿದರೆ ಕಾಯಿಯ ಮೇಲೆ ನೀರು ಹನಿಗಟ್ಟುತ್ತದೆ. ಚೀಲ ಹೊರಗಿನ ಶಾಖಕ್ಕೆ ಬರುವವರೆಗೆ ಬಾಯಿ ಬಿಚ್ಚಬೇಡಿ. ಬಿಳಿಚಿದ, ತೊಟ್ಟಿನ ಬಳಿ ಕಪ್ಪಾದ ಕಾಯಿಗಳನ್ನು ಆರಿಸಿ ತೆಗೆಯಲು ಹೆಂಗಸರಿಗೆ ಕೊಡುವ ಕೂಲಿ ನಿಮ್ಮ ಅತಿ ಅಗ್ಗದ ವಿಮೆ.

ಆಮೇಲೆ ಕಾಗದ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಐಇಸಿ (ಆಮದು-ರಫ್ತುದಾರರ ಗುರುತು) ಸಂಖ್ಯೆ, ಶುಲ್ಕ ₹500; ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಖಾತ್ರಿಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ಸಂಬಾರ ಮಂಡಳಿಯಲ್ಲಿ ರಫ್ತುದಾರರ ನೋಂದಣಿ. ಬ್ಯಾಂಕಿನ ಎಡಿ ಕೋಡ್ (ವಿದೇಶಿ ವಿನಿಮಯ ವ್ಯವಹಾರದ ಸಂಖ್ಯೆ) ಅನ್ನು ಕಸ್ಟಮ್ಸ್‌ನಲ್ಲಿ ದಾಖಲಿಸುವುದು. ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ. ಸಸ್ಯ ಆರೋಗ್ಯ ಪ್ರಮಾಣಪತ್ರ. ಪ್ರಯೋಗಾಲಯದ ವರದಿ. ಕೃತಕ ಬಣ್ಣದ ಪರೀಕ್ಷೆಯನ್ನು ಯಾಕೆ ಕೇಳುತ್ತಾರೆಂದು ರೇಗಬೇಡಿ: 2003ರಲ್ಲಿ ಸುಡಾನ್ ಎಂಬ ಬಣ್ಣ ಬೆರೆಸಿದ ಮೆಣಸಿನ ಪುಡಿ ಯುರೋಪಿನಲ್ಲಿ ಸಿಕ್ಕಿಬಿತ್ತು, 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ವಾಪಸು ತೆಗೆಸಬೇಕಾಯಿತು. ಬಣ್ಣಕ್ಕೇ ಹೆಸರಾದ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿಯ ಮೇಲೆ ಆ ಅನುಮಾನ ಬೀಳುವುದು ಸಹಜ.

ಹಣ. ಎಲ್‌ಸಿ ಇದ್ದರೆ ಹಣ ಖಾತ್ರಿ ಎಂಬುದು ಅರ್ಧ ಸತ್ಯ. ಬ್ಯಾಂಕ್ ನೋಡುವುದು ಕಾಗದವನ್ನು, ಮೆಣಸಿನಕಾಯಿಯನ್ನಲ್ಲ. ಹಡಗೇರಿದ 21 ದಿನದೊಳಗೆ, ಎಲ್‌ಸಿಯ ಅವಧಿ ಮುಗಿಯುವ ಮುನ್ನ, ದಾಖಲೆ ಒಪ್ಪಿಸಬೇಕು. ಇನ್ವಾಯ್ಸ್‌ನಲ್ಲಿ ಒಂದು ತೂಕ, ಪ್ಯಾಕಿಂಗ್ ಪಟ್ಟಿಯಲ್ಲಿ ಇನ್ನೊಂದು ಇದ್ದರೆ ‘ವ್ಯತ್ಯಾಸವಿದೆ’ ಎಂದು ಹಣ ತಡೆಯುತ್ತಾರೆ. ಅಷ್ಟರಲ್ಲಿ ಪೇಟೆ ಇಳಿದಿದ್ದರೆ ಖರೀದಿದಾರ ರಿಯಾಯಿತಿ ಕೇಳುತ್ತಾನೆ. ಎಲ್‌ಸಿಯ ಕರಡನ್ನು ಮೊದಲೇ ತರಿಸಿ, ಒಂದೊಂದು ಸಾಲನ್ನೂ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದವರ ಜೊತೆ ಕೂತು ಓದಿ.

ನಮ್ಮ ಸಲಹೆ ಕೇಳಿದರೆ, ಮೊದಲ ಎರಡು ಹಂಗಾಮು ನೇರ ರಫ್ತು ಬೇಡ. ಬಣ್ಣ ತೆಗೆಯುವ ಓಲಿಯೋರೆಸಿನ್ ಘಟಕಕ್ಕೋ, ಅನುಭವಿ ರಫ್ತುದಾರರಿಗೋ ಪರೀಕ್ಷಾ ವರದಿಯೊಂದಿಗೆ ಮಾರಿ, ನಿಮ್ಮ ಲಾಟುಗಳು ಎಷ್ಟು ಸಲ ಪಾಸಾಗುತ್ತವೆ ಎಂದು ದಾಖಲೆ ಇಡಿ. ಹತ್ತರಲ್ಲಿ ಒಂಬತ್ತು ಪಾಸಾಗದಿದ್ದರೆ ಕಂಟೇನರ್ ಕಳಿಸುವುದು ಜೂಜು. ನಿಯಮ ಮಾಡುವ ಕಡೆಯೂ ನಮಗೆ ಕುರ್ಚಿ ಇದೆಯೆಂದು ತಿಳಿದಿರಲಿ: ಸಂಬಾರ ಪದಾರ್ಥಗಳ ಗುಣಮಟ್ಟ ಗೊತ್ತುಪಡಿಸುವ ಅಂತರರಾಷ್ಟ್ರೀಯ ಕೋಡೆಕ್ಸ್ ಸಮಿತಿಯನ್ನು 2013ರಿಂದ ಭಾರತವೇ ನಡೆಸುತ್ತಿದೆ.

ಕಡಲಿ ಸುಗ್ಗಿಗೂ ಬಟಾಣಿ ಹಡಗಿಗೂ ಏನು ಸಂಬಂಧ?
— ನರಗುಂದ

ಹಿಟ್ಟಿನಲ್ಲಿದೆ ಸಂಬಂಧ. ಹಳದಿ ಬಟಾಣಿ ಅಗ್ಗವಾದರೆ ಕಡಲೆ ಬೇಳೆ, ಕಡಲೆ ಹಿಟ್ಟಿಗೆ ಅದು ಸೇರುತ್ತದೆ, ಕಡಲೆಯ ಬೇಡಿಕೆ ಕುಗ್ಗುತ್ತದೆ. 2017ರಲ್ಲಿ ಅದಕ್ಕೆ ಶೇ 50 ಸುಂಕವಿತ್ತು, 2023ರ ಡಿಸೆಂಬರ್‌ನಲ್ಲಿ ಶೂನ್ಯವಾಯಿತು, 2025ರ ನವೆಂಬರ್ 1ರಿಂದ ಶೇ 30. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ಕೃಷಿಗೆ ಒಪ್ಪಿಕೊಂಡ ಗರಿಷ್ಠ ಸುಂಕದ ಸರಾಸರಿ ಶೇ 113. ಅಂದರೆ ಏರಿಸಲು ಜಿನೀವಾದಲ್ಲಿರುವ ಆ ಸಂಸ್ಥೆ ಅಡ್ಡ ಬಂದಿಲ್ಲ. ಇಳಿಸಿದ್ದೂ ಏರಿಸಿದ್ದೂ ದಿಲ್ಲಿಯೇ. ಬಿತ್ತುವ ಅಕ್ಟೋಬರ್‌ಗೆ ಮುಂಚೆ ಆ ವರ್ಷದ ಸುಂಕವನ್ನು ಸಾರಿ, ರಾಶಿ ಆಗುವವರೆಗೆ ಮುಟ್ಟದಿದ್ದರೆ ಅರ್ಧ ತಂಟೆ ತಗ್ಗುತ್ತದೆ.

ಅಡುಗೆ ಎಣ್ಣೆ ಸುಂಕ ಇಳಿಸಿದರೂ ಕುಸುಬಿ, ಶೇಂಗಾ ಎಣ್ಣೆಯ ಗಾಣದವರಿಗೆ ಕೆಲಸವಿಲ್ಲ, ಯಾಕೆ?
— ಮುಂಡರಗಿ

ಆ ಸುಂಕ ಇಳಿಸಿದ್ದು ಗಾಣಕ್ಕಾಗಿ ಅಲ್ಲ, ರಿಫೈನರಿಗಾಗಿ. 2025ರ ಮೇ ಕೊನೆಗೆ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಒಟ್ಟು ಸುಂಕ ಶೇ 27.5ರಿಂದ 16.5ಕ್ಕೆ ಬಂತು, ಸಂಸ್ಕರಿಸಿದ ಎಣ್ಣೆಗೆ 35.75 ಹಾಗೇ ಉಳಿಯಿತು. ಎರಡರ ಅಂತರ 8.25ರಿಂದ 19.25ಕ್ಕೆ ಏರಿದ್ದರಿಂದ ಸಂಸ್ಕರಣೆ ಇಲ್ಲೇ ನಡೆಯುತ್ತದೆ. ಬೀಜ ಬೆಳೆದವನಿಗೂ ಗಾಣದವನಿಗೂ ಅದರಲ್ಲಿ ಪಾಲಿಲ್ಲ, ಅಗ್ಗದ ಕಚ್ಚಾ ಎಣ್ಣೆ ಅವರ ಎದುರಾಳಿ.

ಚೀನಾದಿಂದ ಬರುವ ಮಾಲು ನಮ್ಮ ಉತ್ಪಾದನಾ ವೆಚ್ಚಕ್ಕಿಂತ ಅಗ್ಗ. ಆ್ಯಂಟಿ ಡಂಪಿಂಗ್ ಸುಂಕ ಹಾಕಿಸುವುದು ಹೇಗೆ? ನಮ್ಮದು 40 ಕೆಲಸಗಾರರ ಘಟಕ.
— ತಾರಿಹಾಳ ಕೈಗಾರಿಕಾ ವಸಾಹತು, ಹುಬ್ಬಳ್ಳಿ

ಅಗ್ಗ ಎಂಬುದು ಅಪರಾಧವಲ್ಲ. ಅವರ ದೇಶದ ಪೇಟೆ ಬೆಲೆಗಿಂತ ಕಡಿಮೆಗೆ ಇಲ್ಲಿ ಮಾರಿದ್ದು, ಅದರಿಂದ ಇಲ್ಲಿನ ಉದ್ಯಮಕ್ಕೆ ಹಾನಿಯಾದದ್ದು, ಎರಡಕ್ಕೂ ಕೊಂಡಿ ಇರುವುದು, ಈ ಮೂರನ್ನೂ ದಿಲ್ಲಿಯ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯದ ಮುಂದೆ ತೋರಿಸಬೇಕು. ಒಂಟಿಯಾಗಿ ಆಗುವುದಿಲ್ಲ: ಅರ್ಜಿಯನ್ನು ಬೆಂಬಲಿಸುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ ಶೇ 25ಕ್ಕಾದರೂ ಮುಟ್ಟಬೇಕು, ವಿರೋಧಿಸುವವರ ಪಾಲಿಗಿಂತ ಹೆಚ್ಚಿರಬೇಕು. ರಾಜಕೋಟ್, ಲುಧಿಯಾನಾಗಳಲ್ಲಿ ಅದೇ ಮಾಲು ಮಾಡುವವರಿದ್ದರೆ ಸಂಘದ ಮೂಲಕ ಅವರನ್ನು ಹಿಡಿಯಿರಿ. ತನಿಖೆ ಸಾಮಾನ್ಯವಾಗಿ ಒಂದು ವರ್ಷ, ಹದಿನೆಂಟು ತಿಂಗಳವರೆಗೂ ಹೋಗಬಹುದು. ನಿರ್ದೇಶನಾಲಯ ಶಿಫಾರಸು ಮಾಡುತ್ತದೆ, ಹಾಕುವುದು ಬಿಡುವುದು ಹಣಕಾಸು ಸಚಿವಾಲಯ. ಹಾಕಿದರೆ ಐದು ವರ್ಷ.

ಅರ್ಜಿ ಬೀಳುವುದು ಬಹುಪಾಲು ಲೆಕ್ಕದಲ್ಲಿ. ಮೂರ್ನಾಲ್ಕು ವರ್ಷಗಳ ವೆಚ್ಚವನ್ನು ವಸ್ತುವಾರು ಬಿಡಿಸಿಡದವರು, ಒಂದೇ ವಿದ್ಯುತ್ ಬಿಲ್ಲಿನಲ್ಲಿ ಐದು ಬಗೆ ಮಾಲು ಮಾಡುವವರು ಹಾನಿಯನ್ನು ತೋರಿಸಲಾರರು. ಇವತ್ತಿನಿಂದಲೇ ಬೇರೆ ಬೇರೆ ಲೆಕ್ಕ ಇಡಿ. ಇನ್ನೊಂದು, ವಸ್ತುವಿನ ವಿವರಣೆ ಸಡಿಲವಿದ್ದರೆ ಸುಂಕ ಬಿದ್ದ ಮೂರೇ ತಿಂಗಳಲ್ಲಿ ಅದೇ ಮಾಲು ಒಂದು ರಂಧ್ರ ಹೆಚ್ಚು ಕೊರೆಸಿಕೊಂಡು ಬೇರೆ ಹೆಸರಲ್ಲಿ, ಇಲ್ಲವೇ ಬೇರೆ ದೇಶದ ಮುದ್ರೆ ಹೊತ್ತು ಬರುತ್ತದೆ.

ಕಂಪನಿಗೆ ಕ್ರಾಸಿಂಗ್ ಮಾಡಿ ಟೊಮೆಟೊ, ಮೆಣಸಿನ ಹೈಬ್ರಿಡ್ ಬೀಜ ಬೆಳೆದುಕೊಡುತ್ತೇವೆ. ಪೇಟೆಂಟ್ ಕಾನೂನಿನಿಂದ ನಾಳೆ ನಮ್ಮ ಸ್ವಂತ ಬೀಜ ಇಟ್ಟುಕೊಳ್ಳುವುದಕ್ಕೂ ಕುತ್ತು ಬರುತ್ತದೆಯೇ? ಬೀಜ ಫೇಲ್ ಎಂದು ಹಣ ತಡೆದರೆ ಏನು ಮಾಡಬೇಕು?
— ರಾಣೆಬೆನ್ನೂರು

ಮೊದಲನೆಯದಕ್ಕೆ ಧೈರ್ಯದಿಂದ ಉತ್ತರಿಸಬಹುದು. ಸಸ್ಯ ತಳಿಗಳಿಗೆ ಪೇಟೆಂಟ್ ಇಲ್ಲವೇ ಬೇರೆ ‘ಪರಿಣಾಮಕಾರಿ’ ರಕ್ಷಣೆ ಕೊಡಿ ಎಂದು ಅಂತರರಾಷ್ಟ್ರೀಯ ಒಪ್ಪಂದ ಹೇಳಿತು. ಬಹಳ ದೇಶಗಳು ಶ್ರೀಮಂತ ದೇಶಗಳ ತಳಿ-ಒಕ್ಕೂಟ ಸೇರಿ ಅವರ ನಿಯಮವನ್ನೇ ಒಪ್ಪಿಕೊಂಡವು. ಭಾರತ ಆ ಒಕ್ಕೂಟ ಸೇರದೆ 2001ರಲ್ಲಿ ಸ್ವಂತ ಕಾಯ್ದೆ ಮಾಡಿತು. ಅದರ 39ನೇ ಕಲಂ ಪ್ರಕಾರ ರೈತ ತನ್ನ ಹೊಲದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಕೊಡುಕೊಳ್ಳಬಹುದು, ಮಾರಲೂಬಹುದು, ರಕ್ಷಿತ ತಳಿಯದಾದರೂ ಸರಿ. ಬ್ರಾಂಡ್ ಹೆಸರಿನ ಪೊಟ್ಟಣದಲ್ಲಿ ಮಾತ್ರ ಮಾರುವಂತಿಲ್ಲ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಹೂಡಿದ್ದ ದಾವೆಗಳು ಹಿಂದೆ ಹೋದಾಗ ಎಲ್ಲರ ಬಾಯಲ್ಲಿದ್ದದ್ದು ಇದೇ ಕಲಂ. ಆದರೆ ಕಂಪನಿ ಕೊಟ್ಟ ಗಂಡು-ಹೆಣ್ಣು ತಳಿಯ ಬೀಜ ನಿಮ್ಮದಲ್ಲ. ಅದನ್ನು ಬೇರೆಯವರಿಗೆ ಕೊಟ್ಟರೆ ಕರಾರಿನ ಉಲ್ಲಂಘನೆ.

ಎರಡನೆಯದು ಕಷ್ಟದ್ದು, ಕಾರಣ ಅದು ಕಾಯ್ದೆಯಲ್ಲಿಲ್ಲ, ಕರಾರಿನಲ್ಲಿದೆ. ಮೊಳಕೆ ಪರೀಕ್ಷೆಯ ಫಲಿತಾಂಶ ವಾರಗಳಲ್ಲಿ ಸಿಗುತ್ತದೆ. ತಳಿ ಶುದ್ಧತೆಗೆ ಬೀಜವನ್ನು ಮತ್ತೆ ಬಿತ್ತಿ ಗಿಡ ನೋಡುವ ಪರೀಕ್ಷೆ ತಿಂಗಳುಗಳನ್ನು ತಿನ್ನುತ್ತದೆ, ಹಣ ಅಲ್ಲಿಯವರೆಗೂ ನಿಲ್ಲುತ್ತದೆ. ಬೀಜ ಫೇಲಾಗಲು ನಿಮ್ಮ ಕಡೆಯ ಕಾರಣ ಸಾಮಾನ್ಯವಾಗಿ ಒಂದೇ: ಮೊಗ್ಗಿನ ಗಂಡು ಭಾಗ ತೆಗೆಯುವುದು ತಡವಾಗಿ, ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದು. ಹೂ ಅರಳುವ ಹಿಂದಿನ ಸಂಜೆಯೇ ತೆಗೆದು, ಮರುದಿನ ಮುಂಜಾನೆ ಪರಾಗ ಮುಟ್ಟಿಸಿ, ಗುರುತಿನ ದಾರ ಕಟ್ಟಿ. ದಾರವಿಲ್ಲದ ಕಾಯಿಯನ್ನು ಕೊಯ್ಲಿನಲ್ಲಿ ಮುಲಾಜಿಲ್ಲದೆ ಬಿಸಾಡಿ.

ಬೀಜ ತೂಗಿ ಕೊಡುವ ದಿನ ಮೂರು ಮಾದರಿ ಪೊಟ್ಟಣ ಮಾಡಿಸಿ, ಕಂಪನಿ ಪ್ರತಿನಿಧಿಯ ಸಹಿ, ನಿಮ್ಮ ಸಹಿ, ದಿನಾಂಕ, ಲಾಟ್ ನಂಬರ್ ಹಾಕಿ ಅರಗಿನಿಂದ ಮುದ್ರಿಸಿ. ಒಂದು ಅವರಿಗೆ, ಒಂದು ನಿಮಗೆ, ಇನ್ನೊಂದು ಇಬ್ಬರೂ ಒಪ್ಪುವ ಮೂರನೆಯವರ ಕೈಗೆ. ಕರಾರಿನಲ್ಲಿ ಪರೀಕ್ಷೆ ಎಲ್ಲಿ, ಎಷ್ಟು ದಿನದೊಳಗೆ, ಫಲಿತಾಂಶ ತಡವಾದರೆ ಎಷ್ಟು ಮುಂಗಡ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ಹೊಲದಲ್ಲಿ ನಿಂತು ಬಾಯಿಮಾತಿನಲ್ಲಿ ಒಪ್ಪಿಸುವವರು ಕಂಪನಿಗೂ ನಿಮಗೂ ನಡುವಿನ ಆರ್ಗನೈಸರ್. ಕರಾರಿನಲ್ಲಿ ಅವರ ಹೆಸರೂ, ಅವರು ಕಂಪನಿಯ ಪರವಾಗಿ ಸಹಿ ಹಾಕುತ್ತಿದ್ದಾರೆ ಎಂಬ ಪತ್ರವೂ ಇರಲಿ. ನಿಮ್ಮ ಪಾಲಿನ ಪೊಟ್ಟಣವನ್ನು ಒಣ ಜಾಗದಲ್ಲಿ, ಗಾಳಿ ಆಡದ ಡಬ್ಬಿಯಲ್ಲಿಡಿ. ಜೇಬಿನಲ್ಲೋ ಗೋಡೆಯ ಗೂಡಿನಲ್ಲೋ ಇಟ್ಟ ಬೀಜ ಆರು ತಿಂಗಳ ನಂತರ ತಾನಾಗಿಯೇ ಮೊಳಕೆ ಪರೀಕ್ಷೆಯಲ್ಲಿ ಫೇಲಾಗಿ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.